ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾಯರು

ಧಾರಣೆಯ ದಿನ ಒಂದು ಹೊತ್ತು ಉಂಡು, ಮರುದಿನ ಚತುರ್ವಿಧಾಹಾರವನ್ನು ತ್ಯಜಿಸಿ, ಮೂರನೆಯ ದಿನ ಪಾರಣೆ ಮಾಡುವ ಶ್ರಾವಕನ ದೇಹವು ನಡುವಣ ನಲವತ್ತೆಂಟು ಗಂಟೆಗಳ ಕಾಲ ಯಾವ ಬಂಡವಾಳದಿಂದ ನಡೆಯುತ್ತದೆ? ಹೃದಯವು ಮಿಡಿಯುತ್ತದೆ, ಉಸಿರಾಡುತ್ತದೆ, ಸಾಮಾಯಿಕಕ್ಕೆ ಕುಳಿತವನ ಬೆನ್ನು ನೇರವಾಗಿಯೇ ನಿಲ್ಲುತ್ತದೆ. ಈ ಪ್ರಶ್ನೆಗೆ ಶರೀರಶಾಸ್ತ್ರವು ಇಂದು ನೀಡುವ ಉತ್ತರದ ಮೊದಲ ಅಕ್ಷರಗಳನ್ನು ಬರೆದವರಲ್ಲಿ ತೆಲುಗುನಾಡಿನ ಒಬ್ಬ ವೈದ್ಯರೂ ಇದ್ದಾರೆ. ಅವರೇ ಯಲ್ಲಾಪ್ರಗಡ ಸುಬ್ಬರಾಯರು. ಅವರು ಜೈನರಲ್ಲ, ವ್ರತನಿಷ್ಠರೆಂದು ಹೆಸರಾದವರೂ ಅಲ್ಲ. ಆದರೆ ಆಹಾರವು ದೇಹವನ್ನು ಹೇಗೆ ಬೆಳೆಸುತ್ತದೆ, ಅದೇ ಆಹಾರವು ರೋಗವನ್ನು ಹೇಗೆ ಬೆಳೆಸುತ್ತದೆ ಎಂಬೆರಡು ವಿಷಯಗಳೂ ಅವರ ಒಂದೇ ಬಾಳಿನಲ್ಲಿ ಬೆಳಕಿಗೆ ಬಂದುವು.

ಸುಬ್ಬರಾಯರು ಜನಿಸಿದುದು 1895ನೆಯ ಇಸವಿ ಜನವರಿ 12ರಂದು, ಗೋದಾವರೀ ಮುಖಜಭೂಮಿಯ ಭೀಮವರದಲ್ಲಿ. ತಂದೆ ಜಗನ್ನಾಥಂ ಅವರು ಕಂದಾಯ ಇಲಾಖೆಯ ನೌಕರರು. ಅನಾರೋಗ್ಯದಿಂದ ಅವಧಿಗೆ ಮೊದಲೇ ಕೆಲಸ ಬಿಡಬೇಕಾಯಿತು. ತಾಯಿ ವೆಂಕಮ್ಮನವರಿಗೆ ಏಳು ಮಕ್ಕಳ ಸಂಸಾರವನ್ನು ತೂಗಿಸುವ ಹೊಣೆ ಬಿತ್ತು. ಓದಿನಲ್ಲಿ ಬಾಲಕನ ಮನಸ್ಸು ನಿಲ್ಲಲಿಲ್ಲ. ಹದಿಮೂರರ ಪ್ರಾಯದಲ್ಲಿ, ಕಾಶಿಯಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಧನವಂತನಾಗುವೆನೆಂದು ಮನೆ ಬಿಟ್ಟು ಓಡಿದನು. ಹಿಡಿದು ತಂದು ಮತ್ತೆ ಶಾಲೆಗೆ ಸೇರಿಸಿದರು. ತಾಯಿ ಒಡವೆಗಳನ್ನು ಮಾರಿ ಮದರಾಸಿಗೆ ಕಳುಹಿಸಿದ ಮೇಲೆಯೂ, ಮೂರನೆಯ ಪ್ರಯತ್ನದಲ್ಲಿ ಮಾತ್ರ ಮೆಟ್ರಿಕ್ಯುಲೇಷನ್ ಪರೀಕ್ಷೆ ಕೈಗೂಡಿತು. ಮಕ್ಕಳು ಒಂದು ಸಲ ನಪಾಸಾದರೆ ಮನೆಯಲ್ಲಿ ಸೂತಕ ಹಿಡಿದಂತೆ ಕೂರುವ ತಂದೆತಾಯಿಗಳು ಈ ವಿವರವನ್ನು ಗಮನದಲ್ಲಿಡಬೇಕು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದಾಗ ಅವರಿಗೆ ವೈರಾಗ್ಯ ಬಲವಾಗಿ ಹಿಡಿಯಿತು. ರಾಮಕೃಷ್ಣಾಶ್ರಮವನ್ನು ಸೇರಿ ಸಂನ್ಯಾಸಿಯಾಗಬೇಕೆಂದು ನಿಶ್ಚಯಿಸಿದರು. ತಾಯಿ ಅನುಮತಿ ಕೊಡಲಿಲ್ಲ. ಆಶ್ರಮದ ಹಿರಿಯರು, ವೈದ್ಯವಿದ್ಯೆಯನ್ನು ಕಲಿತರೆ ಅದೂ ಸೇವೆಯೇ ಎಂದು ತಿಳಿಹೇಳಿದ್ದರಿಂದ ಮದರಾಸು ಮೆಡಿಕಲ್ ಕಾಲೇಜಿಗೆ ಸೇರಿದರು. ಓದಿನ ವೆಚ್ಚಕ್ಕೆ ಮಿತ್ರರೂ, ಮುಂದೆ ಮಾವನಾದ ಕಸ್ತೂರಿ ಸೂರ್ಯನಾರಾಯಣಮೂರ್ತಿಗಳೂ ನೆರವಾದರು. ಗಾಂಧೀಜಿಯವರ ಕರೆಗೆ ಓಗೊಟ್ಟು ಸುಬ್ಬರಾಯರು ಶಸ್ತ್ರಚಿಕಿತ್ಸೆಯ ತರಗತಿಗೂ ಖಾದಿಯ ಉಡುಪಿನಲ್ಲೇ ಹೋಗುತ್ತಿದ್ದರು. ಇದು ಆಂಗ್ಲ ಪ್ರಾಧ್ಯಾಪಕರಿಗೆ ಸೇರಲಿಲ್ಲ. ಕೊನೆಯಲ್ಲಿ ದೊರೆತುದು ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಸರ್ಕಾರಿ ವೈದ್ಯಸೇವೆಯ ಬಾಗಿಲು ಮುಚ್ಚಿದ್ದರಿಂದ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಧ್ಯಾಪಕರಾದರು.

ಇದೇ ಕಾಲದ ಸುಮಾರಿನಲ್ಲಿ ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ವ್ಯಾಧಿಗೆ ಬಲಿಯಾದರು. ಈ ರೋಗದ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅಗತ್ಯ. ರೋಗಿಯು ಉಣ್ಣುತ್ತಾನೆ, ಆದರೆ ಉಂಡ ಅನ್ನದ ಸಾರವನ್ನು ಕರುಳು ಹೀರಿಕೊಳ್ಳುವುದಿಲ್ಲ. ಅತಿಸಾರ, ನಾಲಿಗೆಯ ಹುಣ್ಣು, ದಿನದಿನಕ್ಕೆ ಬಿಳಿಚುವ ರಕ್ತ, ಕೊನೆಗೆ ಅಸ್ಥಿಪಂಜರದಂಥ ದೇಹ. ಎಲೆಯ ತುಂಬ ಅನ್ನವಿದ್ದೂ ದೇಹವು ಹಸಿದು ಸಾಯುವ ಈ ವಿಪರೀತಕ್ಕೆ ಅಂದಿನ ವೈದ್ಯರಲ್ಲಿ ಮದ್ದಿರಲಿಲ್ಲ. ತಮ್ಮ ಮನೆಯಲ್ಲೇ ಎರಡು ಸಾವುಗಳನ್ನು ಕಂಡ ಸುಬ್ಬರಾಯರಿಗೆ ಉಷ್ಣವಲಯದ ರೋಗಗಳನ್ನು ಅಭ್ಯಸಿಸುವ ಹಂಬಲ ಹುಟ್ಟಿತು. ಮಾವನವರ ಹಣ ಮತ್ತು ಕಾಕಿನಾಡದ ಒಂದು ಧರ್ಮನಿಧಿಯ ನೆರವಿನಿಂದ ಹಡಗನ್ನೇರಿ, 1923ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಬಾಸ್ಟನ್ ನಗರವನ್ನು ಸೇರಿದರು. ಗರ್ಭಿಣಿಯಾಗಿದ್ದ ಪತ್ನಿ ಶೇಷಗಿರಿಯಮ್ಮನವರು ತವರಿನಲ್ಲುಳಿದರು. ಹುಟ್ಟಿದ ಗಂಡುಮಗು ತಂದೆಯ ಮುಖವನ್ನು ಕಾಣದೆಯೇ ಶೈಶವದಲ್ಲಿ ತೀರಿಕೊಂಡಿತು.

ಬಾಸ್ಟನ್ನಿನಲ್ಲಿ ಅವರ ಎಲ್.ಎಂ.ಎಸ್.ಗೆ ಬೆಲೆಯಿರಲಿಲ್ಲ. ಹಗಲಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ, ರಾತ್ರಿಯಲ್ಲಿ ಆಸ್ಪತ್ರೆಯೊಂದರಲ್ಲಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಕೆಲಸ. ಡಿಪ್ಲೊಮಾ ಪಡೆದ ಮೇಲೆ ಜೀವರಸಾಯನ ವಿಭಾಗದ ಸೈರಸ್ ಫಿಸ್ಕ್ ಎಂಬವರ ಬಳಿ ಸಂಶೋಧನೆಗೆ ಸೇರಿದರು. ರಕ್ತ, ಮೂತ್ರ ಮೊದಲಾದವುಗಳಲ್ಲಿ ರಂಜಕವು ಎಷ್ಟಿದೆಯೆಂಬುದನ್ನು ನೀಲಿಬಣ್ಣದ ಗಾಢತೆಯಿಂದ ಅಳೆಯುವ ಒಂದು ವಿಧಾನವನ್ನು ಇವರಿಬ್ಬರೂ 1925ರಲ್ಲಿ ಪ್ರಕಟಿಸಿದರು. ಫಿಸ್ಕ್-ಸುಬ್ಬರಾವ್ ವಿಧಾನವೆಂಬ ಹೆಸರಿನಿಂದ ಅದು ಜೀವರಸಾಯನದ ಪಠ್ಯಗಳಲ್ಲಿ ಸೇರಿಹೋಯಿತು. ಅಳತೆಗೋಲು ಕೈಗೆ ಬಂದೊಡನೆ ಅದುವರೆಗೆ ಕಾಣದಿದ್ದುದು ಕಾಣತೊಡಗಿತು. ಸ್ನಾಯುವಿನಲ್ಲಿ ಫಾಸ್ಫೋಕ್ರಿಯಾಟಿನ್ ಎಂಬ ದ್ರವ್ಯವು 1927ರಲ್ಲಿಯೂ, ಅಡಿನೋಸಿನ್ ಟ್ರೈಫಾಸ್ಫೇಟ್ ಎಂಬ ಮತ್ತೊಂದು 1929ರಲ್ಲಿಯೂ ದೊರೆತುವು. ಎರಡನೆಯದನ್ನು ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಎಂಬವರು ಸ್ವತಂತ್ರವಾಗಿ ಕಂಡುಹಿಡಿದರು. ಉದ್ದ ಹೆಸರಿಗೆ ಬದಲಾಗಿ ಎ.ಟಿ.ಪಿ. ಎಂಬ ಮೂರಕ್ಷರವೇ ಈಗ ರೂಢಿ.

ಈ ಶೋಧಗಳು ಪ್ರಾಣಿಗಳ ಸ್ನಾಯುವಿನ ಮೇಲೆ ನಡೆದವು. ಅಹಿಂಸಾಣುವ್ರತಿಗಳಾದ ಓದುಗರಿಗೆ ಇದು ನೋವಿನ ಸಂಗತಿ. ಆದರೆ ಮರೆಮಾಚಿ ಹೇಳಿದರೆ ಸತ್ಯಾಣುವ್ರತಕ್ಕೆ ಕುಂದು.

ಎ.ಟಿ.ಪಿ.ಯನ್ನು ದೇಹದ ಚಲಾವಣೆಯ ನಾಣ್ಯವೆಂದು ತಿಳಿಯಬಹುದು. ಅನ್ನ, ತುಪ್ಪ, ಬೇಳೆ ಯಾವುದನ್ನು ಉಂಡರೂ ಅದರ ಶಕ್ತಿಯು ಬಹುಪಾಲು ಈ ನಾಣ್ಯಕ್ಕೆ ಪರಿವರ್ತನೆಯಾದ ಮೇಲೆಯೇ ಖರ್ಚಿಗೆ ಒದಗುವುದು. ಒಂದು ಹೊತ್ತಿನಲ್ಲಿ ದೇಹದೊಳಗೆ ಇರುವ ಎ.ಟಿ.ಪಿ. ನೂರು-ಇನ್ನೂರು ಗ್ರಾಂಗಳನ್ನು ಮೀರದು. ಆದರೆ ಪ್ರತಿಯೊಂದು ಕಣವೂ ಒಡೆದು ಮತ್ತೆ ಕೂಡಿಕೊಳ್ಳುತ್ತ ದಿನಕ್ಕೆ ನೂರಾರು ಸಲ ಕೈಯಿಂದ ಕೈಗೆ ತಿರುಗುವುದರಿಂದ, ಒಟ್ಟು ವಹಿವಾಟು ದೇಹದ ತೂಕಕ್ಕೆ ಸಮೀಪವಾಗುತ್ತದೆ. ಉಪವಾಸದ ದಿನ ಮೊದಲು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ಸಂಗ್ರಹವೂ, ಅದು ಸುಮಾರು ಒಂದು ದಿನದಲ್ಲಿ ತೀರುತ್ತ ಬಂದಂತೆ ಕೊಬ್ಬೂ ಈ ನಾಣ್ಯವನ್ನು ಒದಗಿಸುತ್ತವೆ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಇದು ಉತ್ತರ. ಇಲ್ಲಿ ಒಂದು ಎಚ್ಚರಿಕೆ: ವಿಜ್ಞಾನಿಗಳು ಜೀವಕೋಶವೆನ್ನುವಾಗ ಆಗಮದ ಜೀವದ್ರವ್ಯವನ್ನು ಹೇಳುತ್ತಿಲ್ಲ. ಎ.ಟಿ.ಪಿ.ಯೂ ಪುದ್ಗಲವೇ. ಅದನ್ನು ದಶಪ್ರಾಣಗಳಲ್ಲಿ ಯಾವುದೋ ಒಂದಕ್ಕೆ ತಂದು ಅಂಟಿಸುವ ಉತ್ಸಾಹ ಬೇಡ.

ಸುಬ್ಬರಾಯರ ಕಾಲದ ನಂತರ ಈ ನಾಣ್ಯಕ್ಕೆ ಇನ್ನೊಂದು ಕೆಲಸವೂ ಇದೆಯೆಂದು ತಿಳಿದುಬಂದಿತು. ಎ.ಟಿ.ಪಿ. ಖರ್ಚಾಗಿ ಅದರ ಚೂರುಗಳು ಹೆಚ್ಚಿದಾಗ ಕೋಶದೊಳಗಿನ ಎ.ಎಂ.ಪಿ.ಕೆ. ಎಂಬ ಕಿಣ್ವವು ಎಚ್ಚರಗೊಳ್ಳುತ್ತದೆ. ಮನೆಯ ಖಜಾನೆ ಬರಿದಾಗುತ್ತಿದೆ, ಹೊಸ ಕಟ್ಟಡದ ಕೆಲಸ ನಿಲ್ಲಲಿ ಎಂದು ಅದು ಆಜ್ಞೆ ಮಾಡುತ್ತದೆನ್ನಬಹುದು. ಆ ಆಜ್ಞೆಯು ತಲುಪುವುದು ಟಾರ್ ಎಂಬ ಮತ್ತೊಂದು ಕಿಣ್ವಕ್ಕೆ. ಟಾರ್ ಎಂಬುದು ಕಟ್ಟಡದ ಮೇಸ್ತ್ರಿಯಿದ್ದಂತೆ. ಅನ್ನಸಾರವೂ ಇನ್ಸುಲಿನ್ನೂ ಹೇರಳವಾಗಿದ್ದಾಗ ಅದು ಕೋಶವನ್ನು ಬೆಳೆಸುತ್ತದೆ. ಕೊರತೆಯಾದಾಗ ಕೈ ಬಿಗಿಹಿಡಿಯುತ್ತದೆ. ಆಗ ಕೋಶವು ತನ್ನೊಳಗಿನ ಹಳೆಯ, ಕೆಟ್ಟ ಭಾಗಗಳನ್ನು ತಾನೇ ಅರಗಿಸಿಕೊಂಡು ಮರುಬಳಕೆ ಮಾಡತೊಡಗುತ್ತದೆ. ಈ ಕ್ರಿಯೆಯ ಗುಟ್ಟನ್ನು ಬಿಡಿಸಿದ ಜಪಾನಿನ ಯೋಶಿನೋರಿ ಓಸುಮಿಯವರಿಗೆ 2016ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಟಾರ್‌ನ ಪತ್ತೆಯೂ ವಿಚಿತ್ರವಾದುದು. ಪೆಸಿಫಿಕ್ ಸಾಗರದ ನಡುವೆ ಒಂಟಿಯಾಗಿರುವ ಈಸ್ಟರ್ ದ್ವೀಪದಿಂದ 1964ರಲ್ಲಿ ತಂದ ಹಿಡಿ ಮಣ್ಣಿನಲ್ಲಿ ರಾಪಮೈಸಿನ್ ಎಂಬ ಔಷಧ ದೊರೆಯಿತು. ಆ ಔಷಧವು ಕೋಶದಲ್ಲಿ ಯಾವುದನ್ನು ತಡೆಯುತ್ತದೆಯೆಂದು ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಹುಡುಕಿದಾಗ 1991ರಲ್ಲಿ ಟಾರ್ ಕೈಗೆ ಸಿಕ್ಕಿತು.

ಮೇಸ್ತ್ರಿಯು ಹತೋಟಿ ತಪ್ಪಿದರೆ ರೋಗ ಹುಟ್ಟುತ್ತದೆ. ಅವನನ್ನು ತಡೆಹಿಡಿಯುವ ಎರಡು ವಂಶವಾಹಿಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೆ ಮಿದುಳು, ಮೂತ್ರಪಿಂಡಗಳಲ್ಲಿ ಗಂಟುಗಳು ಬೆಳೆಯುತ್ತವೆ. ಅನೇಕ ಬಗೆಯ ಅರ್ಬುದಗಳಲ್ಲಿ ಈ ದಾರಿಯ ಬಾಗಿಲು ಸದಾ ತೆರೆದೇ ಇರುತ್ತದೆ. ಅನ್ನವಿರಲಿ ಇಲ್ಲದಿರಲಿ, ಬೆಳೆಯೆಂಬ ಆಜ್ಞೆ ನಿಲ್ಲದು. ಹಗಲಿರುಳು ಅತಿಯಾಗಿ ಉಣ್ಣುವವನಲ್ಲಿ ಟಾರ್ ಬಿಡುವಿಲ್ಲದೆ ದುಡಿದು, ಇನ್ಸುಲಿನ್ನಿನ ಮಾತನ್ನು ಕೋಶಗಳು ಕೇಳದಂತಾಗಲು ಒಂದು ಕಾರಣವಾಗುತ್ತದೆ. ಮಧುಮೇಹಕ್ಕೆ ದಾರಿ ಅಲ್ಲಿಂದಲೂ ಉಂಟು. ಕಾಲಮಿತಿಯಿಲ್ಲದ ಊಟದ ವಿಷಯದಲ್ಲಿ ಅವಮೌದರ್ಯ ತಪವನ್ನು ಬಲ್ಲವರಿಗೆ ಹೆಚ್ಚೇನೂ ಹೇಳಬೇಕಾಗಿಲ್ಲ.

ಮತ್ತೆ ಸುಬ್ಬರಾಯರ ಬಾಳಿಗೆ ಬರೋಣ. 1930ರಲ್ಲಿ ಡಾಕ್ಟರೇಟ್ ಪಡೆದರೂ ಹಾರ್ವರ್ಡ್ ಅವರಿಗೆ ಸ್ಥಿರವಾದ ಹುದ್ದೆಯನ್ನು ಕೊಡಲಿಲ್ಲ. ಮೊದಲ ಶೋಧಗಳ ಕೀರ್ತಿಯ ಬಹುಭಾಗವು ಫಿಸ್ಕರಿಗೆ ಸಂದಿತು. ಸುಬ್ಬರಾಯರೇ ಅದನ್ನು ಬಿಟ್ಟುಕೊಟ್ಟರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಹದಿನೇಳು ವರ್ಷಗಳ ತರುವಾಯ, 1940ರಲ್ಲಿ, ನ್ಯೂಯಾರ್ಕ್ ಪ್ರಾಂತದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿ, ಎರಡು ವರ್ಷಗಳಲ್ಲಿ ಅದರ ಸಂಶೋಧನಾ ನಿರ್ದೇಶಕರಾದರು. ಸಹೋದರರನ್ನು ಕೊಂದ ರೋಗದ ಮದ್ದನ್ನು ಹುಡುಕಲು ಈಗ ಬೇಕಾದ ಜನ, ಉಪಕರಣ ಎರಡೂ ಒದಗಿದುವು.

ಆ ದಿನಗಳಲ್ಲಿ ಕಠಿಣವಾದ ರಕ್ತಹೀನತೆಗೆ ಇದ್ದ ಚಿಕಿತ್ಸೆ ಪ್ರಾಣಿಗಳ ಯಕೃತ್ತು. ದಿನಕ್ಕೆ ಅರ್ಧ ಪೌಂಡಿನಷ್ಟನ್ನು ರೋಗಿಗೆ ತಿನ್ನಿಸುವ ಪದ್ಧತಿಯನ್ನು ಬಾಸ್ಟನ್ನಿನ ವೈದ್ಯರು 1926ರಲ್ಲಿ ಆರಂಭಿಸಿದ್ದರು. ಮಾಂಸತ್ಯಾಗವು ಮೂಲಗುಣವೆಂದು ನಂಬಿದ ಮನೆಯಲ್ಲಿ ಈ ರೋಗ ಬಂದಿದ್ದರೆ ಆ ಮನೆಯವರ ಧರ್ಮಸಂಕಟವನ್ನು ಊಹಿಸಬಹುದು. ಬೇರೊಂದು ದಾರಿಯ ಸುಳಿವು ಮೊದಲು ಸಿಕ್ಕಿದುದು ನಮ್ಮ ದೇಶದಲ್ಲಿಯೇ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಯ ಬಟ್ಟೆಗಿರಣಿಗಳ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಪರೀಕ್ಷಿಸುತ್ತ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು 1931ರಲ್ಲಿ ತೋರಿಸಿಕೊಟ್ಟರು. ಆ ಸಾರದಲ್ಲಿದ್ದ ಗುಣದ್ರವ್ಯವನ್ನೇ 1941ರಲ್ಲಿ ಅಮೆರಿಕದ ಟೆಕ್ಸಾಸಿನವರು ನಾಲ್ಕು ಟನ್ನು ಸೊಪ್ಪಿನಿಂದ ಬೇರ್ಪಡಿಸಿ, ಲ್ಯಾಟಿನ್ನಿನಲ್ಲಿ ಎಲೆಗೆ ಇರುವ ಹೆಸರನ್ನು ಅನುಸರಿಸಿ ಫೋಲಿಕ್ ಆಮ್ಲವೆಂದು ಕರೆದರು. ಸುಬ್ಬರಾಯರ ತಂಡವು 1945ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ರಾಸಾಯನಿಕವಾಗಿ ತಯಾರಿಸಿತು. ಸ್ಪ್ರೂ ರೋಗಿಗಳ ರಕ್ತವೂ ಚೇತರಿಸಿಕೊಂಡಿತು, ನಾಲಿಗೆಯ ಹುಣ್ಣೂ ಮಾಗಿತು. ಭೀಮವರದ ಆ ಮನೆಯ ಮಟ್ಟಿಗೆ ಮದ್ದು ಬಹಳ ತಡವಾಗಿ ಬಂದಿತ್ತು. ಇಂದು ಗರ್ಭಿಣಿಯರಿಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಮಾತ್ರೆಯಲ್ಲಿರುವುದು ಇದೇ ದ್ರವ್ಯ. ಗರ್ಭಧಾರಣೆಗೆ ಮೊದಲಿನಿಂದಲೇ ತೆಗೆದುಕೊಂಡರೆ ಶಿಶುವಿನ ಬೆನ್ನುಹುರಿಯ ದೋಷಗಳು ಬಹುಮಟ್ಟಿಗೆ ತಪ್ಪುವುವೆಂದು 1991ರಲ್ಲಿ ಸಿದ್ಧಪಟ್ಟಿತು. ಚಾತುರ್ಮಾಸದಲ್ಲಿ ಸೊಪ್ಪನ್ನು ಬಿಡುವ ಮನೆಗಳಲ್ಲಿ ಹೆಸರು, ಕಡಲೆ, ತೊಗರಿಗಳಿಂದ ಈ ಆಮ್ಲವು ದೊರೆಯುತ್ತದೆ.

ಯಕೃತ್ತಿನಲ್ಲಿದ್ದ ಇನ್ನೊಂದು ಗುಣದ್ರವ್ಯ ಬಿ-12 ಜೀವಸತ್ವ. ಅದನ್ನು 1948ರಲ್ಲಿ ಬೇರೆಯವರು ಬೇರ್ಪಡಿಸಿದರು. ನರಗಳ ಹಾನಿಯನ್ನು ತಡೆಯುವುದು ಅದೇ ಹೊರತು ಫೋಲಿಕ್ ಆಮ್ಲವಲ್ಲ. ಶಾಕಾಹಾರಿಗಳಿಗೆ ಅದು ದೊರೆಯುವುದು ಮುಖ್ಯವಾಗಿ ಹಾಲು ಮೊಸರುಗಳಿಂದ. ರಸಪರಿತ್ಯಾಗದಲ್ಲಿ ಹಾಲು ಮೊಸರುಗಳನ್ನು ವರ್ಷಗಟ್ಟಲೆ ಬಿಟ್ಟಿರುವವರು ಇದನ್ನು ಮರೆಯಬಾರದು. ಸೂಕ್ಷ್ಮಾಣುಗಳಿಂದ ತಯಾರಾದ ಬಿ-12 ಔಷಧವು ಈಗ ಎಲ್ಲೆಡೆ ಸಿಗುತ್ತದೆ.

ಫೋಲಿಕ್ ಆಮ್ಲವು ರಕ್ತವನ್ನು ಬೆಳೆಸುತ್ತದೆ. ಹಾಗಿದ್ದರೆ ಕೆಟ್ಟ ರಕ್ತವನ್ನು? ಈ ಪ್ರಶ್ನೆಗೆ ಉತ್ತರವು ದುಃಖದ ಮೂಲಕ ಬಂದಿತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತದ ಅರ್ಬುದಕ್ಕೆ ತುತ್ತಾದ ಎಳೆಯರನ್ನು ನೋಡಿಕೊಳ್ಳುತ್ತಿದ್ದರು. ಆ ರೋಗ ಬಂದ ಮಗು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸಾಯುತ್ತಿದ್ದ ಕಾಲವದು. ಸುಬ್ಬರಾಯರ ಪ್ರಯೋಗಶಾಲೆಯಿಂದ ಬಂದ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಕೊಟ್ಟು ನೋಡಿದಾಗ ರೋಗವು ಇಳಿಯುವ ಬದಲು ಕೆರಳಿದಂತೆ ಕಂಡಿತು. ಪೋಷಕವು ಮಗುವಿಗಿಂತ ಮೊದಲು ರೋಗಕ್ಕೇ ಊಟವಾಗಿತ್ತು! ಹಾಗಾದರೆ ಅದನ್ನು ತಪ್ಪಿಸಿದರೆ ಹೇಗೆಂದು ಯೋಚಿಸಿ, ಫೋಲಿಕ್ ಆಮ್ಲದಂತೆಯೇ ತೋರುವ, ಆದರೆ ಕೋಶಕ್ಕೆ ಉಪಯೋಗಕ್ಕೆ ಬಾರದ ಮಾರುವೇಷದ ದ್ರವ್ಯಗಳನ್ನು ಲೆಡರ್ಲೆಯವರು ತಯಾರಿಸಿಕೊಟ್ಟರು. ಅವುಗಳಲ್ಲೊಂದು ಅಮಿನಾಪ್ಟೆರಿನ್. 1947ರ ಕೊನೆಯಲ್ಲಿ ಅದರ ಪ್ರಯೋಗ ಪ್ರಾರಂಭವಾಯಿತು. 1948ರ ಜೂನ್ ತಿಂಗಳಲ್ಲಿ ಫಾರ್ಬರ್ ಅವರು ಪ್ರಕಟಿಸಿದ ವರದಿಯಂತೆ, ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳು ಚೇತರಿಸಿಕೊಂಡರು. ಚೇತರಿಕೆ ತಾತ್ಕಾಲಿಕವಾಗಿತ್ತು, ರೋಗ ಮರುಕಳಿಸಿತು. ಆದರೂ ಆ ರೋಗವು ಒಂದು ಹೆಜ್ಜೆಯಾದರೂ ಹಿಂದೆಗೆದುದು ಅದೇ ಮೊದಲು. ಅಮಿನಾಪ್ಟೆರಿನ್ನಿನ ಸೋದರ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಬೇರೆ ಔಷಧಗಳ ಜೊತೆಗೂಡಿ ಅದು ಬಳಕೆಗೆ ಬಂದ ಮೇಲೆ, ತೀವ್ರಸ್ವರೂಪದ ರಕ್ತದ ಅರ್ಬುದದಲ್ಲಿ ಸಾಮಾನ್ಯವಾದ ಬಗೆಯು ತಗಲಿದ ಮಕ್ಕಳಲ್ಲಿ, ಸರಿಯಾದ ಚಿಕಿತ್ಸೆ ದೊರೆತರೆ, ಹೆಚ್ಚಿನವರು ಗುಣಹೊಂದುತ್ತಾರೆ.

ಇಷ್ಟನ್ನು ಓದಿದವರಲ್ಲಿ, ಉಪವಾಸ ಮಾಡಿಸಿ ಅರ್ಬುದವನ್ನು ಹಸಿವಿನಿಂದ ಕೊಲ್ಲಬಹುದಲ್ಲವೇ ಎಂಬ ಆಲೋಚನೆ ಹುಟ್ಟಬಹುದು. ಹಾಗೆ ಹೇಳಿ ನಂಬಿಸುವವರೂ ಇದ್ದಾರೆ. ಇದು ಅಪಾಯದ ಮಾತು. ಮೆಥೊಟ್ರೆಕ್ಸೇಟ್ ವೇಗವಾಗಿ ವಿಭಜಿಸುವ ಕೋಶಗಳ ಒಂದು ಪೋಷಕಕ್ಕೆ ಅಡ್ಡಗಟ್ಟುತ್ತದೆ. ಬರಿಯ ಉಪವಾಸವಾದರೋ ಇಡೀ ದೇಹದ ಕೊರತೆ. ಬೆಳೆಯೆಂಬ ಆಜ್ಞೆಯೇ ನಿಲ್ಲದಂತಾಗಿರುವ ಗಂಟು ಆ ಕೊರತೆಯನ್ನು ಲೆಕ್ಕಿಸದಿರಬಹುದು, ಸೊರಗುವವನು ರೋಗಿ. ಉಪವಾಸದಿಂದ ಅರ್ಬುದ ವಾಸಿಯಾಗುತ್ತದೆಂಬುದು ಸಿದ್ಧಪಟ್ಟ ವಿಷಯವಲ್ಲ. ಅನಶನವನ್ನು ಆಚಾರ್ಯರು ವಿಧಿಸಿರುವುದು ಕರ್ಮನಿರ್ಜರೆಗಾಗಿ, ಚಿಕಿತ್ಸೆಗಾಗಿ ಅಲ್ಲ. ಷೋಡಶಕಾರಣ ಭಾವನೆಗಳಲ್ಲಿಯೂ ತಪಸ್ಸನ್ನು ಶಕ್ತಿಗೆ ತಕ್ಕಂತೆ ಎಂದೇ ಹೇಳಿದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಬೆಳೆಯುವ ಮಕ್ಕಳು ವೈದ್ಯರನ್ನು ಕೇಳದೆ ನಿರಾಹಾರವಿರುವುದು ತರವಲ್ಲ. ಸಂಧಿವಾತಕ್ಕಾಗಿ ಮೆಥೊಟ್ರೆಕ್ಸೇಟ್ ಸೇವಿಸುವ ಹಿರಿಯರು ಅನೇಕ ಮನೆಗಳಲ್ಲಿದ್ದಾರೆ. ಆ ಮಾತ್ರೆಯು ವಾರಕ್ಕೊಮ್ಮೆ ಮಾತ್ರ. ಮರೆತು ದಿನವೂ ನುಂಗಿದರೆ ಪ್ರಾಣಾಪಾಯ. ಅದು ಮೂತ್ರದ ಮೂಲಕ ಹೊರಹೋಗತಕ್ಕದ್ದಾದುದರಿಂದ ನಿರ್ಜಲ ಉಪವಾಸದಲ್ಲಿ ದೇಹದೊಳಗೇ ಉಳಿದು ವಿಷವಾಗಬಹುದು.

ಸುಬ್ಬರಾಯರ ಉಳಿದ ಕೆಲಸಗಳನ್ನು ಎಣಿಸಿದರೆ ಲೇಖನ ಬೆಳೆದೀತು. ಆನೆಕಾಲು ರೋಗಕ್ಕೆ ಹೆಟ್ರಜಾನ್ ಎಂಬ ಔಷಧವು ಅವರ ತಂಡದಿಂದಲೇ ಬಂದಿತು. ಕಲಬುರ್ಗಿ, ದಕ್ಷಿಣ ಕನ್ನಡ ಮೊದಲಾದ ಜಿಲ್ಲೆಗಳಲ್ಲಿ ಡಿ.ಇ.ಸಿ. ಎಂಬ ಹೆಸರಿನಿಂದ ಮನೆಮನೆಗೆ ಹಂಚಿದ ಮಾತ್ರೆ ಅದೇ. ಟೆಟ್ರಾಸೈಕ್ಲಿನ್ ವಂಶದ ಮೊದಲ ಔಷಧವಾದ ಆರಿಯೊಮೈಸಿನ್, ಅವರ ಸಂಸ್ಥೆಯಲ್ಲಿದ್ದ ವಯೋವೃದ್ಧ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಅವರ ಶೋಧ. ಅದು ಹೊರಬಂದುದು 1948ರಲ್ಲಿ.

ಪೌರತ್ವಕ್ಕೆ ಭಾರತೀಯರೂ ಅರ್ಹರೆಂದು ಅಮೆರಿಕವು 1946ರಲ್ಲಿ ಕಾಯಿದೆ ಮಾಡಿದರೂ ಸುಬ್ಬರಾಯರು ಅದನ್ನು ಪಡೆಯಲಿಲ್ಲ. ತಾಯ್ನಾಡಿಗೂ ಮರಳಲಿಲ್ಲ. ತಾರುಣ್ಯದಲ್ಲಿ ಅಪೇಕ್ಷಿಸಿದ ಕಾವಿ ದೊರೆಯದಿದ್ದರೂ ಬಾಳಿದುದು ಒಂಟಿಯಾಗಿಯೇ. ಆ ಒಂಟಿತನದ ಬೆಲೆಯನ್ನು ತೆತ್ತವರಲ್ಲಿ ಶೇಷಗಿರಿಯಮ್ಮನವರೂ ಒಬ್ಬರೆಂಬುದನ್ನು ಅವರ ಸ್ತುತಿ ಮಾಡುವವರು ಸಾಮಾನ್ಯವಾಗಿ ಮರೆಯುತ್ತಾರೆ. ಫಾರ್ಬರ್ ಅವರ ವರದಿ ಹೊರಬಂದ ಎರಡು ತಿಂಗಳಿಗೆ, 1948ರ ಆಗಸ್ಟ್ ತಿಂಗಳ ಒಂದು ರಾತ್ರಿ, ಪರ್ಲ್ ರಿವರ್ ಊರಿನ ತಮ್ಮ ಕೊಠಡಿಯಲ್ಲಿ ಮಲಗಿದವರು ನಿದ್ರೆಯಲ್ಲಿಯೇ ಹೃದಯಾಘಾತದಿಂದ ದೇಹವಿಟ್ಟರು. ಆಗ ಅವರಿಗೆ ಐವತ್ತಮೂರು ವರ್ಷ. ಅವರು ಹುಟ್ಟಿ ನೂರು ವರ್ಷ ತುಂಬಿದ 1995ರಲ್ಲಿ ಭಾರತ ಸರ್ಕಾರವು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.